ನಾಲ್ಕು ಬೆರಳಿನ ಅಂತರ

ಜಯರಾಮ ಶೆಟ್ಟಿಗಾರರಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಹುಟ್ಟಿನಿಂದಲೇ ಸೋಮಾರಿ. ಅದರಲ್ಲಿ ಎದುರಿಗೆ ಒಬ್ಬರು ಬಂದದ್ದು ಗೊತ್ತಾಗುತ್ತಿತ್ತು, ಯಾರು ಬಂದರೆಂದು ಗೊತ್ತಾಗುತ್ತಿರಲಿಲ್ಲ. ಚಿಕ್ಕಂದಿನಲ್ಲೇ ಬಲಗಣ್ಣಿಗೆ ಪಟ್ಟಿ ಕಟ್ಟಿ ಎಡಗಣ್ಣನ್ನು ದುಡಿಸಿದ್ದರೆ ಸರಿಹೋಗುತ್ತಿತ್ತೋ ಏನೋ. ಕುಂದಾಪುರದ ಕಡೆಯ ಮಗ್ಗದ ಮನೆಯಲ್ಲಿ ಆರೇಳು ಮಕ್ಕಳ ನಡುವೆ ಒಬ್ಬನ ಒಂದು ಕಣ್ಣನ್ನು ಗಮನಿಸುವ ಪುರುಸೊತ್ತು ಯಾರಿಗಿತ್ತು? ನಾನು ಕಣ್ಣಿನ ಡಾಕ್ಟರು, ಮಲೇಷ್ಯಾದ ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವವಳು. ಇಂಥದ್ದನ್ನು ಕಂಡರೆ ಈಗಲೂ ಸಿಟ್ಟು ಬರುತ್ತದೆ.

ಆ ಒಂದು ಕಣ್ಣಿನಲ್ಲೇ ಅವರು ಬದುಕು ಕಟ್ಟಿಕೊಂಡರು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ತಲೆ ಬೆಳ್ಳಗಾಗಿಸಿಕೊಂಡರು. ಮಲೇರಿಯಾವೋ ಕ್ಷಯವೋ, ಸ್ಲೈಡು ಅವರ ಕೈಗೆ ಹೋದರೆ ನಮಗೆಲ್ಲ ನೆಮ್ಮದಿ. ಅವರದೊಂದು ಕ್ರಮವಿತ್ತು. ಮೊದಲು ಕಡಿಮೆ ಪವರಿನಲ್ಲಿ ಇಡೀ ಸ್ಲೈಡು ಸುತ್ತಾಡಿ ಅನುಮಾನದ ಜಾಗ ಹುಡುಕುವುದು. ಆಮೇಲೆ ಹೆಚ್ಚಿನ ಪವರಿಗೆ ತಿರುಗಿಸಿ, ಕಣ್ಣನ್ನು ಗಾಜಿಗೆ ಅಂಟಿಸಿಕೊಂಡು ಖಾತ್ರಿ ಮಾಡಿಕೊಳ್ಳುವುದು. ವಾರ್ಡಿನಿಂದ ಯಾರು ಎಷ್ಟು ಅವಸರ ಮಾಡಿದರೂ ಒಂದೇ ಉತ್ತರ: "ಹೈ ಪವರಲ್ಲಿ ನೋಡ್ದೆ ಹೇಳೂದ್ ಹ್ಯಾಂಗೆ ಮಾರಾಯ್ರೆ?"

ನಿವೃತ್ತರಾದ ಮೇಲೆ ಪಕ್ಕದ ರಾಜ್ಯದಲ್ಲಿದ್ದ ಹೆಂಡತಿಯ ಊರು ನಿಲಾಯ್‌ಗೆ ಹೋದರು. ಹೆಂಡತಿ ಚಾಮುಂಡಿ ಅಲ್ಲಿಯ ತಮಿಳರ ಮನೆಯವಳು. ಇವರ ಜೊತೆ ಬಾಳಿ ಬಾಳಿ ಕನ್ನಡವನ್ನೂ ಪಳಗಿಸಿಕೊಂಡವಳು. ಊರಾಚೆ ಅವಳಪ್ಪನ ಡುರಿಯನ್ ಮತ್ತು ಬಾಳೆಯ ತೋಟವಿತ್ತು. ಹಂದಿ ಓಡಿಸಲು ಪರವಾನಗಿ ಇದ್ದ ಒಂದು ಬಂದೂಕೂ ಇತ್ತು. ಮಾವ ಹೋದ ಮೇಲೆ ಎರಡೂ ಅಳಿಯನ ಪಾಲಿಗೆ ಬಂದವು. ಜಯರಾಮರು ಈ ದೇಶದ ಪ್ರಜೆಯಾಗಿ ಕಾಲವಾಗಿತ್ತು, ಬಂದೂಕಿನ ಪರವಾನಗಿಗೆ ತೊಂದರೆಯಾಗಲಿಲ್ಲ.

ಅಷ್ಟರಲ್ಲಿ ಕೊರೋನಾ ಬಂತು. ಮನುಷ್ಯರು ಬಾಗಿಲು ಹಾಕಿಕೊಂಡರು, ಹಂದಿಗಳು ಬಾಗಿಲು ತೆಗೆದುಕೊಂಡವು. ಎಣ್ಣೆತಾಳೆಯ ಎಸ್ಟೇಟಿನಿಂದ ಹಿಂಡುಹಿಂಡಾಗಿ ಬಂದು ಬಾಳೆಯ ಬುಡ ಮಗುಚಿ ಹಾಕುತ್ತಿದ್ದವು. ಸುತ್ತಲಿನ ತೋಟಗಳ ಬಂದೂಕಿನವರೆಲ್ಲ ಬೇರೆ ಊರುಗಳಲ್ಲಿ ಸಿಕ್ಕಿಬಿದ್ದಿದ್ದರು. ಉಳಿದವರು ಇವರೊಬ್ಬರು, ಇವರಿಗೋ ವಯಸ್ಸಿನ ದೃಷ್ಟಿ. ನಳಿಕೆಯ ತುದಿಯ ಗುರಿಮಣಿ ಕಂಡರೆ ಹಂದಿ ಮಸುಕು, ಹಂದಿ ಕಂಡರೆ ಮಣಿ ಮಸುಕು.

ಒಂದು ದಿನ ನನಗೆ ಫೋನು ಮಾಡಿದರು. "ವಾರಿಜಾಕ್ಷಿ ಡಾಕ್ಟ್ರೆ, ಬಂದೂಕಿಗೆ ಒಂದು ಸ್ಕೋಪ್ ಹಾಕ್ಬೇಕಂತಿದ್ದೆ. ಯಾವ್ದು ತಕಣ್ಲಿ?"

"ಬಂದೂಕು ಅಂದ್ರೆ ನಂಗೆ ಎಂತ ಗೊತ್ತುಂಟು?"

"ಬಂದೂಕು ನಂಗೊತ್ತಿತ್. ನೀವು ಲೆನ್ಸ್ ನೋಡಿ ಹೇಳಿ, ಸಾಕ್."

ಆಗ ನನಗೂ ಮನೆಯಲ್ಲಿ ಕೂತು ಬೇಸರ ಬಂದಿತ್ತು. ಆನ್‌ಲೈನ್ ಅಂಗಡಿಗಳಲ್ಲಿ ಇಬ್ಬರೂ ಹುಡುಕಿದೆವು. ಒಂಬತ್ತು ಪಟ್ಟು, ಹದಿನಾರು ಪಟ್ಟು ದೊಡ್ಡದಾಗಿ ತೋರಿಸುವುದನ್ನೆಲ್ಲ ನಾನೇ ಬದಿಗಿಡಿಸಿದೆ. ಬಾಳೆ ತೋಟದಲ್ಲಿ ಕೂಗಳತೆಯೊಳಗಿನ ಹಂದಿಗೆ ಅಷ್ಟೆಲ್ಲ ಯಾಕೆ? ಒಂದರಿಂದ ನಾಲ್ಕು ಪಟ್ಟಿನವರೆಗೆ ತಿರುಗಿಸಬಲ್ಲದ್ದು ಸಾಕು. ಒಂದರಲ್ಲಿಟ್ಟರೆ ಬರಿಗಣ್ಣಿಗೆ ಕಂಡಂತೆಯೇ ಇಡೀ ಜಾಗ ಕಾಣುತ್ತದೆ, ನಡುವೆ ಒಂದು ಕೆಂಪು ಚುಕ್ಕೆ ಇರುತ್ತದೆ, ಚುಕ್ಕೆಯೂ ಹಂದಿಯೂ ಒಟ್ಟಿಗೇ ಸ್ಪಷ್ಟ. ಮುಸ್ಸಂಜೆಯ ಮಬ್ಬಿಗೆ ಗಾಜು ಬೆಳಕಾಗಿರಬೇಕು. ಎಲ್ಲಕ್ಕಿಂತ ಮುಖ್ಯ, ಕಣ್ಣು ಗಾಜಿನಿಂದ ದೂರವಿದ್ದರೂ ಚಿತ್ರ ಪೂರ್ತಿ ಸಿಗಬೇಕು. ಬಂದೂಕು ಹಿಂದಕ್ಕೆ ಒದೆಯುತ್ತದೆ, ಆಗ ಸ್ಕೋಪೂ ಜೊತೆಗೇ ಬರುತ್ತದೆ. ನಡುವೆ ನಾಲ್ಕು ಬೆರಳಿನ ಅಂತರವಾದರೂ ಬೇಡವೇ?

ಕೊನೆಗೆ ಎರಡು ಉಳಿದವು. ಒಂದು ದುಬಾರಿ, ಯಾವ ಪಟ್ಟಿಗೆ ತಿರುಗಿಸಿದರೂ ಆ ನಾಲ್ಕು ಬೆರಳು ಹಾಗೇ ಇರುತ್ತಿತ್ತು. ಇನ್ನೊಂದು ಅಗ್ಗ, ಒಂದರಲ್ಲಿ ನಾಲ್ಕು ಬೆರಳು, ನಾಲ್ಕಕ್ಕೆ ತಿರುಗಿಸಿದರೆ ಎರಡಕ್ಕೆ ಇಳಿಯುತ್ತಿತ್ತು. ನಾನು ಅದನ್ನು ಎರಡು ಸಲ ಒತ್ತಿ ಹೇಳಿದೆ. ಜಯರಾಮರು ಚಹಾದ ಪುಡಿಯನ್ನು ಎರಡನೇ ಸಲ ಕುದಿಸುವ ಪೈಕಿ. ಅಗ್ಗದ್ದನ್ನೇ ತರಿಸಿದರು.

"ಒಂದ್ರಲ್ಲೇ ಇಟ್ಕಂತೆ ಮಾರಾಯ್ರೆ. ನಾಲ್ಕ್ ಯಾರಿಗೆ ಬೇಕ್?" ಎಂದರು.

"ಗುಂಡು ಹಾರಿಸಿ ಒಮ್ಮೆ ಪರೀಕ್ಷೆ ಮಾಡಿ."

"ಇಪ್ಪುದೇ ನಾಕೈದ್ ತೋಟೆ. ಅಂಗಡಿ ಬಂದ್. ಮರಕ್ಕೆ ಹೊಡ್ದು ಹಾಳ್ ಮಾಡೂದಾ?"

ಹೀಗೆ ಪರೀಕ್ಷೆ ನಡೆದದ್ದು ಖಾಲಿ ಬಂದೂಕಿನಲ್ಲಿ. ಸಂಜೆ ಜಗಲಿಯಲ್ಲಿ ಕೂತು, ಪಟ್ಟು ಬದಲಿಸುವ ಸ್ಕೋಪಿನ ಬಳೆ ತಿರುಗಿಸುತ್ತ, ದೂರದ ಮರದ ಹಕ್ಕಿಗೂಡು ನೋಡುತ್ತಿದ್ದರಂತೆ. "ಲ್ಯಾಬಲ್ಲಿ ಕೂತ ಹಾಗೇ ಕೂತ್ರು ಡಾಕ್ಟರಮ್ಮ. ಕಣ್ಣು ಅದಕ್ಕೆ ಒಟ್ಟಿಕೊಂಡೇ ಇತ್ತು," ಎಂದು ಚಾಮುಂಡಿ ಆಮೇಲೆ ಹೇಳಿದಳು. ಖಾಲಿ ಬಂದೂಕು ಒದೆಯುವುದಿಲ್ಲ, ಆದ್ದರಿಂದ ಏನೂ ಆಗಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಆ ದಿನಗಳಲ್ಲಿ ಕಟ್ಟಡದ ಕೆಲಸ ನಿಂತು, ಪರದೇಶದ ಕೂಲಿಯವರು ಹೊಟ್ಟೆಗಿಲ್ಲದೆ ಒದ್ದಾಡುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಪೊಲೀಸರ ಕಣ್ಣು ತಪ್ಪಿಸಿ ತೋಟಗಳ ಅಂಚಿಗೆ ಬಂದು, ಬಗ್ಗಿಕೊಂಡು ಜರೀಗಿಡದ ಚಿಗುರು ಕೊಯ್ಯುತ್ತಿದ್ದರು. ಜಯರಾಮರು ಅವರನ್ನು ಓಡಿಸಿದವರಲ್ಲ, ಬಾಳೆಗೊನೆ ಕೊಟ್ಟು ಕಳಿಸಿದವರು. ಹಂದಿಯೆಂದು ಮನುಷ್ಯನಿಗೆ ಹೊಡೆದುಬಿಟ್ಟರೆ ಎಂಬ ಹೆದರಿಕೆ ಅವರಿಗೆ ಸದಾ ಇತ್ತು.

ಅವತ್ತು ಊರಿನ ಪುಟ್ಟ ಮಸೀದಿಯಾದ ಸುರಾವಿನ ಸಂಜೆಯ ಬಾಂಗು ಮುಗಿದಿತ್ತು. ಬಾಳೆಯ ಸಾಲಿನಲ್ಲಿ ಕಪ್ಪಗೆ ಏನೋ ಅಲುಗಿತು. ಸ್ಕೋಪು ಒಂದರಲ್ಲೇ ಇತ್ತು, ನನಗೆ ಕೊಟ್ಟ ಮಾತಿನಂತೆ. ಅದರಲ್ಲಿ ಒಂದು ಗೂನು ಬೆನ್ನು ಕಂಡಿತು. ಹಂದಿಯದೋ, ಬಗ್ಗಿದ ಮನುಷ್ಯನದೋ? ಜಯರಾಮರು ಜೀವಮಾನವಿಡೀ ಮಾಡಿದ್ದನ್ನೇ ಮಾಡಿದರು. ಬಳೆಯನ್ನು ನಾಲ್ಕಕ್ಕೆ ತಿರುಗಿಸಿದರು. ಚಿತ್ರದ ಸುತ್ತ ಕಪ್ಪು ಅಂಚು ಬಂತು. ಅದನ್ನು ಕಳೆಯಲು ಮುಖ ಮುಂದೆ ತಂದರು, ಇನ್ನಷ್ಟು ತಂದರು, ಕಣ್ಣು ಗಾಜಿಗೆ ತಾಗುವವರೆಗೆ. ಈಗ ಖಾತ್ರಿಯಾಯಿತು. ಕುದುರೆ ಒತ್ತಿದರು.

ಹಂದಿಗೆ ಏನೂ ಆಗಲಿಲ್ಲ. ಸ್ಕೋಪಿನ ಉಕ್ಕಿನ ಅಂಚು ಹಿಂದಕ್ಕೆ ಬಂದು ಇವರ ಬಲಗಣ್ಣಿನೊಳಗೆ ಹೊಕ್ಕಿತು.

ಚಾಮುಂಡಿ ಹಳೆಯ ಕಂಚಿಲ್ ಕಾರಿನಲ್ಲಿ ಹಾಕಿಕೊಂಡು ಹೊರಟಳು. ರಸ್ತೆತಡೆಯಲ್ಲಿದ್ದ ಪೊಲೀಸ್ ಒಳಗೆ ಬಗ್ಗಿ ನೋಡಿದವನು ಪಾಸು ಕೇಳಲಿಲ್ಲ. ತಾನೇ ಬೈಕು ಹತ್ತಿ ಆಸ್ಪತ್ರೆಯವರೆಗೆ ದಾರಿ ಬಿಡಿಸಿಕೊಟ್ಟ. ನಾನು ರಾಜ್ಯದ ಗಡಿ ದಾಟುವಂತಿರಲಿಲ್ಲ. ಅಲ್ಲಿಯ ಡಾಕ್ಟರು ಫೋನಿಗೆ ಫೋಟೋ ಕಳಿಸಿದರು. ಕಣ್ಣುಗುಡ್ಡೆ ಒಡೆದು ಒಳಗಿನದೆಲ್ಲ ಹೊರಗೆ ಬಂದಿತ್ತು. ನೋಡಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಹೊಲಿಗೆ ಹಾಕಿ ನೋಡಿದರು, ಪ್ರಯೋಜನವಾಗಲಿಲ್ಲ. ಕೆಲವು ದಿನ ಬಿಟ್ಟು ಕಣ್ಣನ್ನೇ ತೆಗೆದರು.

ಊರಿನ ನೆಂಟರು ಫೋನಿನಲ್ಲಿ ಸಮಾಧಾನ ಹೇಳಿದರು, ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು ಅಂತ. ಗಾದೆ ಹೇಳುವವರ ಗಂಟೇನು ಹೋಗಬೇಕು?

ಗಡಿ ತೆರೆದದ್ದು ಮರುವರ್ಷದ ಅಕ್ಟೋಬರಿನಲ್ಲಿ. ಮೊದಲ ವಾರದಲ್ಲೇ ನಿಲಾಯ್‌ಗೆ ಹೋದೆ. ಜಗಲಿಯಲ್ಲಿ ಕೂತಿದ್ದವರು ನನ್ನ ಹೆಜ್ಜೆಗೆ ತಲೆಯೆತ್ತಿದರು. ನಾನು ಮಾತಾಡುವವರೆಗೆ ಗುರುತು ಹತ್ತಲಿಲ್ಲ.

"ಬನ್ನಿ ಲಾ ಡಾಕ್ಟರಮ್ಮ, ಮೊದಲು ಮಕಾನ್, ಆಮೇಲೆ ಮಾತು," ಎಂದು ಚಾಮುಂಡಿ ಒಳಗಿನಿಂದ ಮಲಯ್ ಬೆರೆಸಿ ಊಟಕ್ಕೆ ಕರೆದಳು. ಊಟಕ್ಕೆ ಮೊದಲೇ ಅವರ ಎಡಗಣ್ಣು ನೋಡಿದೆ. ಅವರು ಅದಕ್ಕೇ ಕಾದಿದ್ದರು.

"ಕನ್ನಡಕ ಗಿನ್ನಡಕ ಹಾಕಿ, ವ್ಯಾಯಾಮ ಮಾಡ್ಸಿ, ಏನಾರೂ ಆತ್ತಾ?"

ಸುಳ್ಳು ಹೇಳಬಹುದಿತ್ತು. ಆದರೆ ಖಾತ್ರಿಯಿಲ್ಲದೆ ಒಂದು ರಿಪೋರ್ಟೂ ಕೊಡದ ಮನುಷ್ಯನಿಗೆ ಸುಳ್ಳು ಹೇಳುವುದು ಹೇಗೆ? "ಇಲ್ಲ," ಎಂದೆ.

ಅವರು ತಲೆಯಾಡಿಸಿದರು. ಆಮೇಲೆ ಹೇಳಿದರು: "ಆದ್ರೂ ಮಾರಾಯ್ರೆ, ನಾಲ್ಕರಲ್ಲಿ ಚಿತ್ರ ಭಾರೀ ಕ್ಲಿಯರ್. ಹಂದಿಯ ರೆಪ್ಪೆಕೂದ್ಲು ಸಮೇತ ಕಂಡ್ತ್. ಮನುಷ್ಯ ಅಲ್ಲ ಅಂತ ಕನ್ಫರ್ಮ್ ಮಾಡ್ಕಂಡೇ ಹೊಡ್ದದ್ದ್."

ಚಾಮುಂಡಿ ಅನ್ನದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. ಅಷ್ಟು ದಿನ ನುಂಗಿಕೊಂಡದ್ದು ಹೊರಗೆ ಬಂತು. "ಇಷ್ಟು ವರ್ಷ ಜೊತೆಗಿದ್ದೆ. ಕೊನೆಗೆ ನೀವು ಸರಿಯಾಗಿ ನೋಡಿದ್ದು ಒಂದು ಹಂದಿ ಮುಖ. ಅದರ ರೆಪ್ಪೆ ನೆನಪಿದೆ. ನನ್ನ ಮುಖ?"

ಜಯರಾಮರು ಅವಳ ದನಿ ಬಂದ ಕಡೆಗೆ ತಿರುಗಿದರು.

"ನಿನ್ನ ಮುಖ ಅವತ್ತು ಬೆಳಿಗ್ಗೆ ಕಂಡಿದ್ದೆ," ಎಂದರು. "ಕಾಫಿ ಕೊಡುವಾಗ. ನಾಳೆಯೂ ಕಾಣ್ತದಲ್ಲ ಅಂತ ಸರಿ ನೋಡ್ಲಿಲ್ಲೆ."

ಚಾಮುಂಡಿ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ತಟ್ಟೆಯಲ್ಲಿ ಅನ್ನ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಅವರ ಬೆರಳು ಹಿಡಿದು ತೋರಿಸಿದಳು.