ಹುಲಿಗೆಮ್ಮನ ಹಿಮ್ಮುಖ ಲೆಕ್ಕ

ಕೊರೊನಾ ಕಳೆದು ಶಾಲೆಗಳು ತೆರೆದ ವರ್ಷ ನಾನು ಬುಕ್ಕಸಾಗರದ ಹತ್ತಿರ ಒಂದು ಕ್ಯಾಂಪಿನ, ಅಂದರೆ ಗದ್ದೆಗಳ ನಡುವಿನ ಸಣ್ಣ ವಸತಿಯ, ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಐದನೆಯ ತರಗತಿ ಮುಗಿದರೆ ಅಲ್ಲಿ ಮುಂದಿನ ಓದಿಲ್ಲ. ದೂರದ ಶಾಲೆಗೆ ಗಂಡು ಮಕ್ಕಳನ್ನು ಬಸ್ಸು ಹತ್ತಿಸುತ್ತಿದ್ದರು, ಹೆಣ್ಣು ಮಕ್ಕಳನ್ನು ಗದ್ದೆಗೆ ಇಳಿಸುತ್ತಿದ್ದರು. ನನ್ನ ವಿದ್ಯಾರ್ಥಿನಿ ಹುಲಿಗೆಮ್ಮನಿಗೆ ಉಳಿದಿದ್ದ ದಾರಿ ಒಂದೇ, ವಸತಿ ಶಾಲೆಯ ಪ್ರವೇಶ ಪರೀಕ್ಷೆ.

ಆ ಪರೀಕ್ಷೆಯಲ್ಲಿ ತಪ್ಪದೆ ಬರುವ ಒಂದು ಬಗೆಯ ಲೆಕ್ಕವಿದೆ. ಬುಟ್ಟಿಯ ಬಾಳೆಹಣ್ಣಿನಲ್ಲಿ ಅರ್ಧ ಅಕ್ಕನಿಗೆ ಕೊಟ್ಟೆ, ಮೂರು ತಿಂದೆ, ನಾಲ್ಕು ಉಳಿದವು, ಮೊದಲು ಎಷ್ಟಿದ್ದವು? ಇಂಥದ್ದನ್ನು ಕೊನೆಯಿಂದ ಬಿಡಿಸಬೇಕು. ಇದಕ್ಕೆ ಹಿಮ್ಮುಖ ವಿಧಾನ ಎನ್ನುತ್ತಾರೆ. ಬೋರ್ಡಿನ ಮೇಲೆ ಎಷ್ಟು ಬರೆದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಒಂದು ದಿನ ಕೇಳಿದೆ, "ನಿಮ್ಮವ್ವ ನೆಲ್ಲು ನಾಟಿ ಹೆಂಗ ಮಾಡ್ತಾಳ?"

"ಹಿಂದ ಹಿಂದ ಸರೀತಾ ಹಚ್ತಾಳ್ರಿ," ಅಂದಳು ಹುಲಿಗೆಮ್ಮ.

ಹಾಗೇ ನಡೆಸಿದೆ. ನಾಲ್ಕರಲ್ಲಿ ನಿಂತು ಒಂದು ಹೆಜ್ಜೆ ಹಿಂದಕ್ಕೆ: ತಿಂದ ಮೂರು ವಾಪಸ್ ಬಂದವು, ಏಳಾಯಿತು. ಇನ್ನೊಂದು ಹೆಜ್ಜೆ: ಅಕ್ಕನ ಅರ್ಧವೂ ಬಂತು, ಹದಿನಾಲ್ಕು. ಒಂದೇ ವಾರದಲ್ಲಿ ತರಗತಿಯೆಲ್ಲ ಕಲಿತಿತು. ನನಗೆ ಭಾರಿ ಖುಷಿಯಾಗಿತ್ತು.

ಪರೀಕ್ಷೆ ಹೊಸಪೇಟೆಯಲ್ಲಿ. ಅವಳನ್ನು ನಾನೇ ಕರೆದೊಯ್ದು ಹೊರಗೆ ಕಾಯುತ್ತಿದ್ದೆ. ಪರೀಕ್ಷೆ ಮುಗಿಯುವ ಮುಂಚೆಯೇ ಮೇಲ್ವಿಚಾರಕರು ಅವಳ ತೋಳು ಹಿಡಿದು ಹೊರಗೆ ತಂದರು. ಲೆಕ್ಕ ಬಿಡಿಸಲು ಎದ್ದು ಹಿಂದಕ್ಕೆ ಹೆಜ್ಜೆ ಹಾಕಿದ್ದಾಳೆ, ಹಿಂದಿನ ಬೆಂಚಿಗೆ ತಾಗಿದ್ದಾಳೆ.

"ಹಿಂದಿನ ಹುಡುಗನ ಹಾಳಿ ನೋಡಾಕ ಎದ್ದಾಳ್ರಿ."

"ಇಲ್ರೀ ಸರ, ನಾನ ಹಂಗ ಕಲ್ಸೀನಿ. ಬೇಕಾದ್ರ ಈಗ ಒಂದು ಲೆಕ್ಕ ಕೊಟ್ಟು ನೋಡ್ರಿ."

"ಲೆಕ್ಕ ತಲ್ಯಾಗ ಮಾಡ್ತಾರ್ರಿ ಮೇಡಂ, ಕಾಲಾಗಲ್ಲ."

ನಾನು ಕೈಮುಗಿದೆ, ಜಗಳವನ್ನೂ ಆಡಿದೆ. ನಿಯಮ ನಿಯಮವೇ ಅಂದರು. ಬಸ್ಸಿನಲ್ಲಿ ಹುಲಿಗೆಮ್ಮ ಒಂದೇ ಮಾತು ಆಡಿದಳು: "ಉತ್ತರ ಬಂದಿತ್ರಿ ಟೀಚರ್. ಬರಿಯಾಕ ಬಿಡ್ಲಿಲ್ಲ."

ಸೀಟು ಸಿಗಲಿಲ್ಲ. ಮೇಲಿನವರಿಗೆ ಕೊಟ್ಟ ಮನವಿಗೆ ಉತ್ತರವೂ ಬರಲಿಲ್ಲ. ಮತ್ತೊಂದು ಶಾಲೆ ನೋಡೋಣ ಎಂದು ಮನೆಗೆ ಹೋದರೆ ಅವಳ ತಾಯಿ ಎದುರಿಗೇ ಹೇಳಿದಳು, "ಬ್ಯಾಡ ಬಿಡ್ರಿ ಟೀಚರ್. ಕಳ್ಳಿ ಅನಿಸ್ಕೊಂಡು ಬಂದಾಳ, ಅಷ್ಟ ಸಾಕು." ಮುಂದಿನ ನಾಟಿಗೆ ಹುಲಿಗೆಮ್ಮ ತಾಯಿಯ ಪಕ್ಕದಲ್ಲಿ ಕೆಸರಿಗಿಳಿದಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ಆ ದಿನದ ಸಂಕಟ ನನಗೆ ಇವತ್ತಿಗೂ ಆರಿಲ್ಲ.

ಎರಡು ವರ್ಷದ ಮೇಲೆ ಶಿಕ್ಷಕರ ತರಬೇತಿಗೆ ಹೋದೆ. ಆ ಮೇಲ್ವಿಚಾರಕರೇ ಅಲ್ಲಿ ತರಬೇತುದಾರರು. ನನ್ನ ಗುರುತು ಅವರಿಗೆ ಹತ್ತಲಿಲ್ಲ. ಮಕ್ಕಳಿಗೆ ಹಿಡಿಸಿದ ಒಂದು ಚಟುವಟಿಕೆ ತೋರಿಸಿ ಅಂದಾಗ ಬೇಕಂತಲೇ ಎದ್ದೆ. ಹಿಂದಕ್ಕೆ ಹೆಜ್ಜೆ ಹಾಕಿ ಅದೇ ಬಾಳೆಹಣ್ಣಿನ ಲೆಕ್ಕ ಬಿಡಿಸಿದೆ. ಅವರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

"ಮಸ್ತ್ ಐತ್ರಿ ಮೇಡಂ. ವಿಡಿಯೋ ಮಾಡಿ ಗ್ರೂಪಿಗೆ ಹಾಕ್ರಿ, ಎಲ್ಲಾ ಶಾಲ್ಯಾಗ ಮಾಡ್ಸೋಣು."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಜನ. "ಸರ, ಹಿಂಗ ಲೆಕ್ಕ ಮಾಡಿದ್ದಕ್ಕ ನೀವು ಹುಲಿಗೆಮ್ಮನ್ನ ಪರೀಕ್ಷೆಯಿಂದ ಹೊರಗ ಹಾಕಿದ್ರಿ," ಅಂದೆ.

ಅವರು ನಗುಮುಖದಲ್ಲೇ ಕೇಳಿದರು, "ಯಾವ ಹುಲಿಗೆಮ್ಮ?"

ಮಕ್ಕಳಿಗೆ ವಿಧಾನ ಕಲಿಸುವುದು ಕಷ್ಟವಲ್ಲ. ಅವರನ್ನು ಅಳೆಯಲು ಕೂತ ದೊಡ್ಡವರಿಗೆ ಮೊದಲು ಕಲಿಸಬೇಕು ಎಂಬುದೇ ನೌಕರಿ ನನಗೆ ಕಲಿಸಿದ ಪಾಠ. ಅವರು ಕಲಿಯುವುದರೊಳಗೆ ಮಗುವಿನ ವಯಸ್ಸು ಮೀರಿರುತ್ತದೆ.