ಕುವೈತಿನಲ್ಲಿ ಐಸ್ ಕಾಯುವ ಕೆಲಸ

ಕುವೈತಿಗೆ ಬಂದ ಎರಡನೆಯ ದಿನ ನಾನು ಚಳಿಯಿಂದ ನಡುಗಿದೆ. ಜುಲೈ ತಿಂಗಳು. ಖೈತಾನ್ ಬಡಾವಣೆಯ ರೂಮಿನಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಚಪ್ಪಲಿಯ ಅಡಿ ಮೆತ್ತಗಾಗಿತ್ತು. ಮುದೀರ್, ಅಂದರೆ ನಮ್ಮ ಮ್ಯಾನೇಜರ್, ನನ್ನ ಕೈಗೊಂದು ದಪ್ಪ ಜಾಕೆಟ್ ಕೊಟ್ಟು ಒಂದು ಬಾಗಿಲು ತೆರೆದರು. ಆಚೆಗೆ ನಾಲ್ಕೈದು ಕಲ್ಯಾಣ ಮಂಟಪಗಳಷ್ಟು ಜಾಗ ಬೆಳ್ಳಗೆ ಹೆಪ್ಪುಗಟ್ಟಿ ಮಲಗಿತ್ತು. ಅದರ ಮೇಲೆ ಹೆಣ್ಣುಮಕ್ಕಳು ಶೂಗಳಿಗೆ ಕತ್ತಿ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಒಂದು ಕಪ್ಪು ಬಿಲ್ಲೆಯ ಹಿಂದೆ ಓಡುತ್ತಿದ್ದರು.

ನಾನು ಮಂಗಳೂರಿನ ಮೀನುಗಾರಿಕಾ ಧಕ್ಕೆಯ ಪಕ್ಕ ಐಸ್ ಪ್ಲಾಂಟಿನಲ್ಲಿ ಹನ್ನೊಂದು ವರ್ಷ ಆಪರೇಟರ್ ಆಗಿದ್ದವನು. ವೀಸಾ ಕೊಡಿಸಿದ ಸಂಬಂಧಿಕರು "ಐಸಿನ ಕೆಲಸವೇ, ನಿನಗೆ ಗೊತ್ತಿದ್ದದ್ದು" ಎಂದಾಗ ಮೀನಿನ ಐಸೆಂದೇ ತಿಳಿದಿದ್ದೆ. ಊರಿನಲ್ಲಿ ನಾವು ಐಸ್ ಮಾಡುತ್ತಿದ್ದದ್ದು ಒಡೆಯುವುದಕ್ಕೆ. ಬೋಟು ಬಂದ ಕೂಡಲೇ ಪುಡಿ ಮಾಡಿ ಬಂಗುಡೆಯ ಮೇಲೆ ಸುರಿದರೆ ನಮ್ಮ ಜವಾಬ್ದಾರಿ ಮುಗಿಯಿತು. ಇಲ್ಲಿ ಅದೇ ಐಸನ್ನು ಮಗುವಿನ ಹಾಗೆ ಸಾಕಬೇಕು. ಒಂದೇ ಒಂದು ಇಂಚು ದಪ್ಪ. ಅದರ ಅಡಿಯ ಕಾಂಕ್ರೀಟಿನಲ್ಲಿ ಪೈಪುಗಳು, ಪೈಪುಗಳಲ್ಲಿ ಕೊರೆಯುವ ಉಪ್ಪುನೀರು, ಅದನ್ನು ತಣ್ಣಗಿಡಲು ಹಿಂದಿನ ಕೋಣೆಯಲ್ಲಿ ಎರಡು ಕಂಪ್ರೆಸರ್‌ಗಳು.

ರೂಮಿನಲ್ಲಿ ನಾವು ಆರು ಜನ. ನನಗೆ ಮೇಲಿನ ಮಂಚ ಸಿಕ್ಕಿತು. ಊರಿನಲ್ಲಿ ಅಂಗಳಕ್ಕೆ ಬಂದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದೆವು. ಇಲ್ಲಿ ಎದುರು ಫ್ಲ್ಯಾಟಿನವನ ಹೆಸರು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಸುಡುನೀರು ಬರುತ್ತದೆ, ಹಾಗಾಗಿ ಬೆಳಗ್ಗೆಯೇ ಬಕೆಟ್ ತುಂಬಿಸಿಟ್ಟು ಸಂಜೆ ಸ್ನಾನ ಮಾಡುವುದನ್ನು ಕಲಿತೆ. ಭಾಷೆಯೂ ಹಾಗೇ ಚೂರುಚೂರಾಗಿ ಬಂತು. ಜೊತೆ ಕೆಲಸದ ಬಾಂಗ್ಲಾದ ರಫೀಕನಿಂದ ಹಿಂದಿ, ಮುದೀರರಿಂದ ಅರಬಿ. ಯಲ್ಲಾ ಎಂದರೆ ಬೇಗ ನಡೆ, ಖಲಾಸ್ ಎಂದರೆ ಮುಗಿಯಿತು. ಈ ಎರಡರ ನಡುವೆ ನನ್ನ ಇಡೀ ದಿನ ಕಳೆಯುತ್ತಿತ್ತು.

ಕನ್ನಡ ಮಾತ್ರ ಐಸಿನ ಕಡೆಯಿಂದಲೇ ಬಂತು. ಒಂದು ಸಂಜೆ ಗ್ಯಾಲರಿಯಿಂದ ಯಾರೋ ಹೆಂಗಸು ಕೂಗಿದರು, "ಮೇಘನಾ, ಸ್ವೆಟರ್ ಹಾಕ್ಕೊಂಡು ಕೂತ್ಕೋ ಅಂದ್ರೆ ಕೇಳಲ್ವಲ್ಲ ನೀನು!" ಕೈಯಲ್ಲಿದ್ದ ಸಲಿಕೆ ಅಲ್ಲೇ ನಿಂತಿತು. ಮೈಸೂರು ಕಡೆಯವರು, ಸಾಲ್ಮಿಯಾದಲ್ಲಿ ಮನೆ, ಗಂಡ ಇಂಜಿನಿಯರ್. ಮಗಳು ಮೇಘನಾ ಹುಟ್ಟಿದ್ದೇ ಕುವೈತಿನಲ್ಲಿ. ಕಾಲೇಜು ಕ್ಲಬ್ಬಿನ ಐಸ್ ಹಾಕಿ ತಂಡದಲ್ಲಿ ಗೋಲ್‌ಕೀಪರ್. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಒಂದು ವಾಕ್ಯವನ್ನು ಮಾತ್ರ ದಿನಾ ಕನ್ನಡದಲ್ಲೇ ಕೇಳುತ್ತಿದ್ದಳು: "ಅಂಕಲ್, ಇವತ್ತು ಐಸ್ ಹೇಗಿದೆ?"

ಅದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಗೋಲಿನ ಮುಂದೆ ಐಸ್ ಮೆತ್ತಗಿದ್ದರೆ ಅವಳ ಕಾಲು ಸಿಕ್ಕಿಕೊಳ್ಳುತ್ತದೆ. ನಾನು ಬಗ್ಗಿ, ಉಗುರಿನಿಂದ ಕೆರೆದು, "ಗಟ್ಟಿ ಉಂಟು, ಹೆದರಬೇಡ" ಎನ್ನುತ್ತಿದ್ದೆ. ಅವಳು ಕೋಲಿನಿಂದ ಎರಡು ಸಲ ಬಡಿದು ಹೋಗುತ್ತಿದ್ದಳು. ಧಕ್ಕೆಯಲ್ಲಿ ಹನ್ನೊಂದು ವರ್ಷದಲ್ಲಿ ನಾನು ಮಾಡಿದ ಐಸ್ ಹೇಗಿದೆಯೆಂದು ಯಾರೂ ಕೇಳಿದವರಿಲ್ಲ.

ಸುತ್ತಲಿನ ದೇಶಗಳ ಕಾಲೇಜು ಕ್ಲಬ್ಬುಗಳು ಸೇರಿ ಹೆಣ್ಣುಮಕ್ಕಳಿಗೆ ಒಂದು ಸಣ್ಣ ಲೀಗ್ ನಡೆಸುತ್ತವೆ. ನಾಲ್ಕೇ ತಂಡ. ನೋಡಲು ಬರುವವರು ಅಪ್ಪ ಅಮ್ಮಂದಿರು ಮಾತ್ರ. ಕಳೆದ ಮೇ ತಿಂಗಳಲ್ಲಿ ನಮ್ಮ ತಂಡಕ್ಕೆ ಒಮಾನಿನವರ ಜೊತೆ ಕೊನೆಯ ಪಂದ್ಯ ಇತ್ತು. ಗೆದ್ದರೆ ಮೊದಲ ಬಾರಿಗೆ ಫೈನಲ್. ಮೇಘನಾಗೆ ಅದು ಇನ್ನೂ ದೊಡ್ಡದು. ಅವಳ ಅಪ್ಪನ ಕೆಲಸ ಜೂನ್‌ಗೆ ಮುಗಿಯುತ್ತಿತ್ತು. ಕೆಲಸದ ಜೊತೆಗೆ ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಅದೂ ಮುಗಿಯುತ್ತದೆ. ಮೂವರೂ ಮೈಸೂರಿಗೆ ಹೋಗುವವರಿದ್ದರು.

"ಮೈಸೂರಲ್ಲಿ ಐಸ್ ರಿಂಕ್ ಇಲ್ಲ ಅಂಕಲ್, ಐ ಚೆಕ್ಡ್," ಎಂದಿದ್ದಳು.

ಎರಡು ಕಂಪ್ರೆಸರ್‌ಗಳಲ್ಲಿ ಒಂದು ಚಳಿಗಾಲದಲ್ಲೇ ಕೆಟ್ಟಿತ್ತು. ನಾನು ಮುದೀರರಿಗೆ ಮೂರು ಸಲ ಹೇಳಿದ್ದೆ. ಪ್ರತಿ ಸಲವೂ "ಇನ್ಶಾ ಅಲ್ಲಾ, ಮುಂದಿನ ವಾರ" ಎಂದರು. ನಾಲ್ಕನೆಯ ಸಲ ಹೇಳಲು ನನಗೆ ಧೈರ್ಯವಾಗಲಿಲ್ಲ. ನನ್ನ ಇಕಾಮಾ ಹೊಸದಾಗಬೇಕಿದ್ದ ತಿಂಗಳು ಅದು, ಕಾಗದಕ್ಕೆ ಕಫೀಲರ ಸಹಿ ಬೇಕು. ಕಫೀಲ್ ಎಂದರೆ ನಮ್ಮನ್ನು ಈ ದೇಶದಲ್ಲಿ ಇಟ್ಟುಕೊಂಡ ಮಾಲೀಕರು. ಅವರಿಗೂ ನನಗೂ ನಡುವೆ ಇರುವವರು ಈ ಮುದೀರ್ ಒಬ್ಬರೇ. ಬಾಯಿ ಮುಚ್ಚಿಕೊಂಡೆ. ಇದನ್ನು ಇಲ್ಲಿ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಪಂದ್ಯದ ದಿನ ಬೆಳಗ್ಗೆ ಧೂಳುಗಾಳಿ ಎದ್ದಿತು. ಒಂಬತ್ತು ಗಂಟೆಗೆ ಹಿಂದಿನ ಕೋಣೆಯ ಸದ್ದು ಬದಲಾಯಿತು. ನಾನು ಓಡಿ ತಾರಸಿ ಹತ್ತಿದೆ; ಕಂಪ್ರೆಸರಿನ ಬಿಸಿ ಆರಿಸುವ ಕೂಲಿಂಗ್ ಕಾಯಿಲಿನ ತುಂಬ ಮಣ್ಣು ಕೂತಿತ್ತು. ಪೈಪ್ ಹಿಡಿದು ನೀರು ಹೊಡೆದೆ. ಟ್ಯಾಂಕಿನ ನೀರೇ ಕೈ ಸುಡುವಷ್ಟು ಬಿಸಿ. ಕೆಳಗಿನಿಂದ ರಫೀಕ್ ಕೂಗಿದ, "ಭಾಯಿ, ಬಂದ್ ಹೋ ಗಯಾ!" ಇಳಿದು ಬಂದಾಗ ಮೆಷಿನ್ ನಿಂತಿತ್ತು, ಕೋಣೆಯಲ್ಲಿ ಮೋಟಾರು ಸುಟ್ಟ ವಾಸನೆ. ಆ ವಾಸನೆ ನನಗೆ ಗೊತ್ತು. ಅದು ಬಂದ ಮೇಲೆ ಮಾಡುವುದಕ್ಕೆ ಏನೂ ಇರುವುದಿಲ್ಲ.

ಆದರೂ ಮಾಡಿದೆವು. ಲೈಟುಗಳನ್ನೆಲ್ಲ ಆರಿಸಿದೆವು. ಬಾಗಿಲಿನ ಸಂದುಗಳಿಗೆ ಕಂಬಳಿ ತುರುಕಿದೆವು. ಮುದೀರ್ ಎಲ್ಲೆಲ್ಲಿಗೋ ಫೋನ್ ಮಾಡಿದರು. ಬೇಕಾದ ಮೋಟಾರು ದೇಶದಲ್ಲೇ ಇರಲಿಲ್ಲ. ಕತ್ತಲೆಯಲ್ಲಿ ಐಸಿನ ಪಕ್ಕ ಕೂತು ಗಂಟೆಗೊಮ್ಮೆ ಮುಟ್ಟಿ ನೋಡುತ್ತಿದ್ದೆ. ಮೊದಲು ಬೆವರಿತು. ಆಮೇಲೆ ಮೂಲೆಗಳಲ್ಲಿ ನೀರು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಐಸಿನ ಅಡಿಯಲ್ಲಿ ಆಟಕ್ಕೆಂದು ಬಳಿದ ಕೆಂಪು ಗೆರೆ ನೀರೊಳಗೆ ಅಲುಗಿದಂತೆ ಕಾಣತೊಡಗಿತು.

ಮೂರೂವರೆಗೆ ಮೇಘನಾ ಎಲ್ಲರಿಗಿಂತ ಮೊದಲು ಬಂದಳು. ಕತ್ತಲು ನೋಡಿ ಬಾಗಿಲಲ್ಲೇ ನಿಂತಳು.

"ಅಂಕಲ್, ಐಸ್ ಹೇಗಿದೆ?"

ಅವಳು ಸ್ಕೇಟ್ ಕಟ್ಟಿಕೊಂಡು ಒಂದು ಹೆಜ್ಜೆ ಇಟ್ಟಳು. ಕತ್ತಿ ಗಂಜಿಯಲ್ಲಿ ಹೂತ ಹಾಗೆ ಇಳಿಯಿತು.

"ಸರಿ ಮಾಡಿ," ಎಂದಳು. "ನಿಮಗೆ ಬರುತ್ತೆ ಅಲ್ವಾ? ಪ್ಲೀಸ್ ಅಂಕಲ್, ಒನ್ ಅವರ್ ಸಾಕು."

"ಆಗುದಿಲ್ಲ ಮಗಾ."

"ಯಾಕೆ ಆಗಲ್ಲ?"

"ಮೆಷಿನ್ ಸತ್ತಿದೆ. ನನ್ನ ಕೈಯಲ್ಲಿ ಎಂತದೂ ಇಲ್ಲ."

ಅವಳು ಅಳಲಿಲ್ಲ. ನೀರಿನಲ್ಲಿ ಹಾಗೇ ನಿಂತಿದ್ದಳು. ರೆಫರಿ ಬಂದು ಬೂಟಿನ ಹಿಮ್ಮಡಿಯಿಂದ ಒತ್ತಿ ತಲೆಯಾಡಿಸಿದರು. ಒಮಾನಿನವರ ವಿಮಾನ ಅದೇ ಸಂಜೆ. ಇನ್ನೊಂದು ದಿನಕ್ಕೆ ಮುಂದೂಡುವ ಹಾಗಿರಲಿಲ್ಲ. ಐಸ್ ಕೊಡುವುದು ಆತಿಥೇಯರ ಹೊಣೆ, ಕೊಡದಿದ್ದರೆ ಪಂದ್ಯ ಅತಿಥಿಗಳದು ಎಂಬುದು ಲೀಗಿನ ನಿಯಮ. ಗೆದ್ದ ಹುಡುಗಿಯರೂ ನಗಲಿಲ್ಲ; ಒಬ್ಬೊಬ್ಬರಾಗಿ ಬಂದು ನಮ್ಮವರ ಕೈಕುಲುಕಿ ಹೋದರು. ಮುದೀರ್ "ಖಲಾಸ್" ಎಂದು ಕೈ ಕೊಡವಿದರು.

ಎಲ್ಲರೂ ಹೋದ ಮೇಲೆ ನಾನು ಅವಳಿಗೆ ನಿಜ ಹೇಳಿದೆ. ಇನ್ನೊಂದು ಮೆಷಿನ್ ಮೊದಲೇ ಕೆಟ್ಟಿತ್ತು, ಇನ್ನೊಂದು ಸಲ ಹೇಳಬೇಕಿತ್ತು, ಹೆದರಿ ಸುಮ್ಮನಾದೆ ಎಂದೆ.

ಅವಳು ಎರಡೂ ಶೂಗಳ ಲೇಸ್ ಬಿಚ್ಚಿದಳು. "ಅಪ್ಪನೂ ಹಾಗೇ ಅಂಕಲ್," ಎಂದಳು ಕೊನೆಗೆ. "ಕೆಲಸ ರಿನ್ಯೂ ಮಾಡಿ ಅಂತ ಇನ್ನೊಂದ್ ಸಲ ಕೇಳಕ್ಕೆ ಭಯ ಪಟ್ಟರು." ಕ್ಷಮಿಸಿದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಹೊಸ ಮೋಟಾರು ಬರುವ ಹೊತ್ತಿಗೆ ಅವರು ಮೈಸೂರು ಸೇರಿದ್ದರು. ನನ್ನ ಇಕಾಮಾ ಹೊಸದಾಯಿತು. ನೆಲಕ್ಕೆ ಪದರ ಪದರವಾಗಿ ನೀರು ಹೊಡೆದು ಮತ್ತೆ ಐಸ್ ಕಟ್ಟಿದೆ. ಅದು ಹೇಗಿದೆಯೆಂದು ಕೇಳುವವರಿರಲಿಲ್ಲ.

ಡಿಸೆಂಬರಿನಲ್ಲಿ ರಜೆಗೆ ಬಂಟ್ವಾಳದ ಮನೆಗೆ ಬಂದೆ. ಹೆಂಡತಿ ಝೊಹರಾ ಪತ್ತಿರಿ ಬಡಿಸುತ್ತಿದ್ದಳು, ನನ್ನ ಮಗಳು ಪಕ್ಕದಲ್ಲಿ ಕೂತು ಶಾಲೆಯ ಸುದ್ದಿ ಹೇಳುತ್ತಿದ್ದಳು. ಫೋನಿಗೆ ಸಂದೇಶ ಬಂತು. ಕನ್ನಡ ಅಕ್ಷರಗಳಲ್ಲಿ, ಹೊಸದಾಗಿ ಕಲಿತವರ ತಪ್ಪುಗಳೊಂದಿಗೆ: "ಅನ್ಕಲ್, ಇವತು ಐಸ್ ಹೇಗಿದೆ?"

ನಾನೂ ಊರಿನಲ್ಲಿದ್ದೇನೆ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ಊಟ ಬಿಟ್ಟೆದ್ದು ಅಂಗಳಕ್ಕೆ ಬಂದು ರಫೀಕನಿಗೆ ಫೋನ್ ಮಾಡಿದೆ. "ಗೋಲಿನ ಮುಂದೆ ಹೋಗಿ ಮುಟ್ಟಿ ನೋಡು," ಎಂದೆ. ಅವನು ನಕ್ಕ. "ಭಾಯಿ, ಛುಟ್ಟಿ ಮೇಂ ಹೋ, ಆರಾಮ್ ಕರೋ." ರಜೆಯಲ್ಲಿ ಆರಾಮಾಗಿರು ಎಂದವನು, ಆದರೂ ಹೋಗಿ ನೋಡಿ, ಗಟ್ಟಿಯಾಗಿದೆ ಎಂದ. ನಾನು ಅದನ್ನೇ ಮೇಘನಾಗೆ ಬರೆದು ಕಳಿಸಿದೆ.

ಝೊಹರಾ ಬಾಗಿಲಿಗೆ ಬಂದಿದ್ದಳು. "ಎಂತ, ಅಲ್ಲಿಂದ ಕೆಲಸಕ್ಕೆ ಕರೀತಿದ್ದಾರಾ?"

"ಇಲ್ಲ," ಎಂದೆ. "ಯಾರೂ ಕರೀಲಿಲ್ಲ."