ತಾನೇ ಕೂಡುವ ಚಿಪ್ಪು

ಟೀಚರಕ್ಕನ ಬೆರಳ ಸಂದುಗಳು ವರ್ಷವಿಡೀ ಬಿರಿದು ಬೆಳ್ಳಗಿರುತ್ತಿದ್ದವು. ಬ್ಲೀಚಿಂಗ್ ಪುಡಿಯ ಕೆಲಸ. ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮುಗಿಸಿ ನಮ್ಮೂರು ಕೈಲಾಂಚದಲ್ಲಿ ಬಸ್ಸಿಳಿದರೆ, ಸೆರಗು ಸಿಕ್ಕಿಸಿ ತಮ್ಮ ಅಣ್ಣನ ರೇಷ್ಮೆಹುಳುವಿನ ತಟ್ಟೆ ಆ ಪುಡಿ ಹಾಕಿ ತೊಳೆಯಲು ನಿಲ್ಲುತ್ತಿದ್ದರು. ನಮ್ಮದು ಪಕ್ಕದ ಮನೆ. ಕಾಲು ತೊಳೆಯದೆ ಹುಳುಮನೆಗೆ ನುಗ್ಗಿದರೆ ನನ್ನ ಅವ್ವನನ್ನೂ ಬಿಡದೆ ಬೈಯುತ್ತಿದ್ದರು.

ಅವರ ಹತ್ತಿರ ಒಂದು ಡಬ್ಬಿಯಿತ್ತು. ಅದರಲ್ಲಿ ಚನ್ನಪಟ್ಟಣದ ಗೊಂಬೆಯವರಿಂದ ಮಾಡಿಸಿದ ಐದು ಮೂಲೆಯ ಮರದ ಬಿಲ್ಲೆಗಳು, ಅಂಚಿಗೆಲ್ಲ ಅಯಸ್ಕಾಂತ. ಕುಲುಕಿ ಮುಚ್ಚಳ ತೆಗೆದರೆ ಬಿಲ್ಲೆಗಳೆಲ್ಲ ಸೇರಿ ಟೊಳ್ಳು ಚೆಂಡು! ಅವ್ವ ಬೆರಗಾಗಿ, "ಯಾರವ್ವಾ ಜೋಡ್ಸಿದ್ದು?" ಎಂದಳು.

"ಯಾರೂ ಇಲ್ಲ ಕಣತ್ತೆ. ಹುಳಕ್ಕೆ ಬರೋ ವೈರಸ್ಸೂ ಹಿಂಗೇಯ. ಹುಳದ ಮೈಯಲ್ಲೇ ಪ್ರೋಟೀನ್ ಚೂರು ಮಾಡಿಸ್ಕೊತದೆ, ಚೂರು ತಾವಾಗೇ ಕೂಡ್ಕೊಂಡು ಚಿಪ್ಪಾಯ್ತವೆ. ಹುಳ ಸತ್ರೂ ಆ ಚಿಪ್ಪು ತಟ್ಟೇಲಿ, ಮಣ್ಣಲ್ಲಿ ಕಾಯ್ಕೊಂಡು ಕೂತಿರ್ತದೆ. ಮೆಲ್ಲಗೆ ಕುಲುಕಿ ಅತ್ತೆ, ಜೋರಾದ್ರೆ ಕೂಡಾಕಿಲ್ಲ."

ನಮ್ಮ ಕಡೆ ಹುಳಕ್ಕೆ ರೋಗ ಬಂದರೆ ಯಾರೂ ಬಾಯಿ ಬಿಡುವುದಿಲ್ಲ. ಮನೆ ಮರ್ಯಾದೆಯ ಮಾತು. ಒಮ್ಮೆ ಟೀಚರಕ್ಕನ ಅಣ್ಣನ ಹುಳಕ್ಕೇ ಅಂಥ ವೈರಸ್ಸಿನ ಸಪ್ಪೆ ರೋಗ ಬಂತು. ಅವನು ಸತ್ತ ಹುಳವನ್ನೆಲ್ಲ ಗುಟ್ಟಾಗಿ ತಿಪ್ಪೆಗೆ ಸುರಿದ. ಅದೇ ಹೊತ್ತಿಗೆ ಅವ್ವ ತಟ್ಟೆ ಎರವಲು ಕೇಳಿದ್ದಳು. ಇಲ್ಲ ಅಂದರೆ ಗುಟ್ಟು ರಟ್ಟಾಗುತ್ತದಲ್ಲ, ಆ ರೋಗದ ತಟ್ಟೆಗಳನ್ನೇ ಹೊತ್ತು ನಮ್ಮ ಬಾಗಿಲಿಗೆ ತಂದ.

ಟೀಚರಕ್ಕ ಬೀದಿಯಲ್ಲೇ ಅಡ್ಡ ನಿಂತರು. "ಇಳಿಸ್ಬ್ಯಾಡಣ್ಣ. ಅತ್ತೆ, ನಮ್ಮ ಹುಳಕ್ಕೆ ರೋಗ ಬಂದೈತೆ. ಈ ತಟ್ಟೆ ಮುಟ್ಬ್ಯಾಡಿ."

ಅಣ್ಣನ ಮುಖ ಕಪ್ಪಿಟ್ಟಿತು. "ಒಡಹುಟ್ಟಿದೋಳಾಗಿ ನನ್ ಮಾನ ಕಳ್ದ್‌ಬುಟ್ಟೆ. ಇನ್ ನನ್ ಹೊಸ್ಲು ತುಳೀಬ್ಯಾಡ."

ನಮ್ಮ ಹುಳ ಉಳಿದವು. ಆ ಬೆಳೆಯ ದುಡ್ಡಿನಿಂದಲೇ ನಾನು ಕಾಲೇಜು ಸೇರಿದ್ದು. ಟೀಚರಕ್ಕ ರಾಮನಗರದಲ್ಲಿ ಬಾಡಿಗೆ ಕೋಣೆ ಹಿಡಿದರು. ಹಬ್ಬಕ್ಕೆ ನಮ್ಮನೆಗೆ ಬಂದು ಉಂಡು, ಗೋಡೆಯಾಚೆ ಅಣ್ಣ ಕೆಮ್ಮುವುದನ್ನು ಕೇಳಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಎಂಥ ಕಲ್ಲೆದೆಯಪ್ಪ ಆ ಮನುಷ್ಯನದು! ಒಂದು ಸಲವೂ ಒಳಗೆ ಕರೆಯಲಿಲ್ಲ.

ಹೋದ ವರ್ಷ ಟೀಚರಕ್ಕ ತೀರಿಕೊಂಡಾಗ ಮಾತ್ರ ಆ ಬಾಡಿಗೆ ಕೋಣೆಗೆ ಬಂದ. ತಂಗಿಯ ಪಕ್ಕ ಕೂತವನು ಕಪಾಟಿನಲ್ಲಿದ್ದ ಡಬ್ಬಿ ತೆಗೆದುಕೊಂಡು ಎರಡೂ ಕೈಯಲ್ಲಿ ಜೋರಾಗಿ ಕುಲುಕತೊಡಗಿದ. ಮುಚ್ಚಳ ತೆಗೆದು ನೋಡಿದ, ಮತ್ತೆ ಕುಲುಕಿದ.

"ಕೂಡ್ತಾನೇ ಇಲ್ವಲ್ಲವ್ವ," ಎಂದು ನನ್ನ ಕಡೆ ತಿರುಗಿದ.

"ಮೆಲ್ಲಗೆ ಕಣಣ್ಣ," ಎಂದೆ. "ಅಕ್ಕ ಹಂಗೇ ಹೇಳ್ತಿದ್ದಿದ್ದು."

ಅವನ ಕೈ ನಿಂತಿತು. "ನಾನ್ಯಾವತ್ ಕೇಳ್ದೆ ಅವಳ ಮಾತ," ಎಂದು ಬಾಯಿಗೆ ಟವಲು ಒತ್ತಿಕೊಂಡ.